ರಾಷ್ಟ್ರಪತಿಗಳು ಅಧಿಕಾರ ವಹಿಸಿಕೊಳ್ಳುವ ಹಾಗೂ ಬಿಟ್ಟುಕೊಡುವ ಬಗೆ

ಭಾರತದ ರಾಷ್ಟ್ರಪತಿಗಳು ಜುಲೈ 25ರಂದು ಅಧಿಕಾರ ವಹಿಸಿಕೊಳ್ಳುವುದು 1977ರಿಂದ ನಡೆದು ಬಂದಿದೆ. ಶ್ರೀ ನೀಲಂ ಸಂಜೀವ ರೆಡ್ಡಿಯವರಿಂದ ಮೊದಲ್ಗೊಂಡು 2022ರಲ್ಲಿ ಶ್ರೀಮತಿ ದ್ರೌಪದಿ ಮುರ್ಮು ಅವರವರೆಗೆ ಹತ್ತು ಮಂದಿ ಇದೇ ದಿನದಂದು ಪ್ರಮಾಣವಚನ ಸ್ವೀಕರಿಸಿದ್ದಾರೆ. ಹೀಗಾಗಿ ಇದು ಕಾನೂನಿನಿಂದ ಗೊತ್ತುಪಡಿಸಿದ ದಿನವಿರಬೇಕೆಂದು ಅನೇಕರು ಭಾವಿಸುವುದು ಸಹಜ. ಆದರೆ ಸಂವಿಧಾನದ ಯಾವ ಅನುಚ್ಛೇದದಲ್ಲಿಯೂ ಈ ದಿನಾಂಕದ ಉಲ್ಲೇಖವಿಲ್ಲ.

ಹಾಗಾದರೆ ಈ ದಿನ ಬಂದುದೆಲ್ಲಿಂದ? ಇಬ್ಬರು ರಾಷ್ಟ್ರಪತಿಗಳು ಅಧಿಕಾರದಲ್ಲಿದ್ದಾಗಲೇ ಕಾಲವಶರಾದುದೇ ಇದಕ್ಕೆ ಕಾರಣ. ಮೊದಲ ಸಾರ್ವತ್ರಿಕ ಚುನಾವಣೆಯ ಬಳಿಕ ಡಾ. ರಾಜೇಂದ್ರ ಪ್ರಸಾದರು 1952ರ ಮೇ 13ರಂದು ಅಧಿಕಾರ ವಹಿಸಿಕೊಂಡರು. 1957, 1962 ಮತ್ತು 1967ರಲ್ಲಿಯೂ ಮೇ 13ರಂದೇ ಪ್ರಮಾಣವಚನ ನಡೆಯಿತು. 1969ರ ಮೇ 3ರಂದು ಡಾ. ಜಾಕಿರ್ ಹುಸೇನರು ನಿಧನರಾದರು. ಆ ಸ್ಥಾನಕ್ಕೆ ಚುನಾಯಿತರಾದ ಶ್ರೀ ವಿ. ವಿ. ಗಿರಿಯವರು ಅದೇ ವರ್ಷ ಆಗಸ್ಟ್ 24ರಂದು ಅಧಿಕಾರಕ್ಕೆ ಬಂದುದರಿಂದ ಸರದಿಯು ಆಗಸ್ಟ್ 24ಕ್ಕೆ ಹೊರಳಿತು. 1974ರ ಆಗಸ್ಟ್ 24ರಂದು ಪ್ರಮಾಣವಚನ ಸ್ವೀಕರಿಸಿದ ಶ್ರೀ ಫಕ್ರುದ್ದೀನ್ ಅಲಿ ಅಹಮದ್ ಅವರು 1977ರ ಫೆಬ್ರವರಿ 11ರಂದು ತೀರಿಕೊಂಡರು. ಮತ್ತೆ ಚುನಾವಣೆ ನಡೆದು, ಸಂಜೀವ ರೆಡ್ಡಿಯವರು ಜುಲೈ 25ರಂದು ಅಧಿಕಾರ ಸ್ವೀಕರಿಸಿದರು. ಅಂದಿನಿಂದ ಎಲ್ಲರೂ ತಮ್ಮ ಅವಧಿಯನ್ನು ಪೂರ್ಣಗೊಳಿಸಿರುವುದರಿಂದ ಆ ದಿನವೇ ಉಳಿದುಕೊಂಡಿದೆ.

ಇದರ ಹಿಂದೆ ಒಂದು ನಿಯಮವಿದೆ. ರಾಷ್ಟ್ರಪತಿಯ ಸ್ಥಾನವು ಮಧ್ಯದಲ್ಲಿ ತೆರವಾದಲ್ಲಿ, ಹೊಸದಾಗಿ ಚುನಾಯಿತರಾದವರು ಹಿಂದಿನವರ ಉಳಿದ ಅವಧಿಯನ್ನು ತುಂಬಿಕೊಡುವುದಿಲ್ಲ. ಅಧಿಕಾರ ವಹಿಸಿಕೊಂಡ ದಿನದಿಂದ ಪೂರ್ಣ ಐದು ವರ್ಷಗಳ ಅವಧಿಗೆ ಅವರು ಹಕ್ಕುಳ್ಳವರಾಗಿರುತ್ತಾರೆ. 62ನೆಯ ಅನುಚ್ಛೇದವು ಹೀಗೆ ವಿಧಿಸಿದೆ. ಅಮೆರಿಕದಲ್ಲಿ ಅಧ್ಯಕ್ಷರು ಮಡಿದರೆ ಉಪಾಧ್ಯಕ್ಷರೇ ಅಧ್ಯಕ್ಷರಾಗಿ ಮಿಕ್ಕ ಅವಧಿಯನ್ನು ಮುಗಿಸುವುದು ಪದ್ಧತಿ. ನಮ್ಮಲ್ಲಿ ಉಪರಾಷ್ಟ್ರಪತಿಗಳು ರಾಷ್ಟ್ರಪತಿಗಳಾಗುವುದಿಲ್ಲ. ಹೊಸಬರು ಆಯ್ಕೆಯಾಗಿ ಬರುವವರೆಗೆ ರಾಷ್ಟ್ರಪತಿಗಳಾಗಿ ಕಾರ್ಯ ನಿರ್ವಹಿಸುತ್ತಾರೆ, ಅಷ್ಟೇ. ಈ ಎರಡರ ನಡುವಣ ಭೇದ ಚಿಕ್ಕದೆಂದು ತೋರಿದರೂ ಮುಂದೆ ಹೇಳಲಿರುವ ಅನೇಕ ಸಂಗತಿಗಳು ಅದನ್ನೇ ಅವಲಂಬಿಸಿವೆ.

ಕೇಂದ್ರದ ಕಾರ್ಯಾಂಗದ ಅಧಿಕಾರವು ರಾಷ್ಟ್ರಪತಿಯಲ್ಲಿ ನಿಹಿತವಾಗಿದೆ. ಸಂಸತ್ತು ಅಂಗೀಕರಿಸಿದ ಮಸೂದೆಯು ಅವರ ಅಂಕಿತವಿಲ್ಲದೆ ಕಾನೂನಾಗದು. ಪ್ರಧಾನಮಂತ್ರಿಗಳನ್ನು ನೇಮಿಸುವವರು ಅವರೇ. ರಕ್ಷಣಾ ಪಡೆಗಳ ಪರಮಾಧಿಪತ್ಯವೂ ಅವರದೇ. ಮಂತ್ರಿಮಂಡಲದ ಸಲಹೆಯಂತೆಯೇ ಅವರು ನಡೆದುಕೊಳ್ಳುವರಾದರೂ, ಇಷ್ಟೆಲ್ಲ ಕಾರ್ಯಗಳು ಒಬ್ಬರ ಹೆಸರಿನಲ್ಲಿ ಜರುಗುವಾಗ ಆ ಒಬ್ಬರು ಯಾರು ಎಂಬ ಪ್ರಶ್ನೆಗೆ ಯಾವ ಗಳಿಗೆಯಲ್ಲಿಯೂ ಸಂದೇಹವಿಲ್ಲದ ಉತ್ತರವಿರಬೇಕು. ಸಂವಿಧಾನದ ರಚನಕಾರರು ಈ ಉತ್ತರವನ್ನು ಬಹುಮಟ್ಟಿಗೆ ಒದಗಿಸಿದ್ದರು. ಅವರು ಬಿಟ್ಟಿದ್ದ ಒಂದು ತೆರಪು 1969ರಲ್ಲಿ ಎದ್ದು ಕಂಡಿತು.

ಆಯ್ಕೆ

ರಾಷ್ಟ್ರಪತಿಗಳನ್ನು ನಾವು ನೇರವಾಗಿ ಚುನಾಯಿಸುವುದಿಲ್ಲ. ಸಂಸತ್ತಿನ ಉಭಯ ಸದನಗಳ ಚುನಾಯಿತ ಸದಸ್ಯರು ಹಾಗೂ ರಾಜ್ಯ ವಿಧಾನಸಭೆಗಳ ಚುನಾಯಿತ ಸದಸ್ಯರು ಸೇರಿದ ನಿರ್ವಾಚಕ ಗಣವು ಅವರನ್ನು ಆರಿಸುತ್ತದೆ. ದೆಹಲಿ ಮತ್ತು ಪುದುಚೇರಿಯ ವಿಧಾನಸಭಾ ಸದಸ್ಯರನ್ನು 1992ರ 70ನೆಯ ತಿದ್ದುಪಡಿಯ ಮೂಲಕ ಈ ಗಣಕ್ಕೆ ಸೇರಿಸಲಾಯಿತು. ನಾಮಕರಣಗೊಂಡ ಸದಸ್ಯರಿಗೆ ಇಲ್ಲಿ ಮತವಿಲ್ಲ.

ಶಾಸಕರೊಬ್ಬರ ಮತದ ಮೌಲ್ಯವು ಅವರ ರಾಜ್ಯದ ಜನಸಂಖ್ಯೆಗೆ ತಕ್ಕಂತೆ ಇರುತ್ತದೆ. ರಾಜ್ಯದ ಜನಸಂಖ್ಯೆಯನ್ನು ವಿಧಾನಸಭೆಯ ಚುನಾಯಿತ ಸ್ಥಾನಗಳ ಸಂಖ್ಯೆಯಿಂದಲೂ, ಬಂದ ಲಬ್ಧವನ್ನು ಸಾವಿರದಿಂದಲೂ ಭಾಗಿಸಿ ಅದನ್ನು ಲೆಕ್ಕಹಾಕುತ್ತಾರೆ. 1971ರ ಜನಗಣತಿಯ ಪ್ರಕಾರ ಕರ್ನಾಟಕದ ಜನಸಂಖ್ಯೆ 2,92,99,014, ಸ್ಥಾನಗಳು 224. ಆದುದರಿಂದ ಕರ್ನಾಟಕದ ಶಾಸಕರೊಬ್ಬರ ಮತಕ್ಕೆ 131ರ ಮೌಲ್ಯ. ಮುಂಬಯಿ, ಪುಣೆಗಳಲ್ಲಿ ನೆಲೆಸಿರುವ ಕನ್ನಡಿಗರು ಆರಿಸಿ ಕಳುಹಿಸಿದ ಶಾಸಕರ ಮತವು 175 ಎಂದೂ, ಚೆನ್ನೈಯವರದು 176 ಎಂದೂ, ಹೈದರಾಬಾದಿನವರದು 132 ಎಂದೂ, ದೆಹಲಿಯವರದು 58 ಎಂದೂ 2022ರ ಚುನಾವಣೆಯಲ್ಲಿ ಎಣಿಕೆಯಾಯಿತು. ಅದೇ ವರ್ಷ ಸಂಸತ್ ಸದಸ್ಯರ ಮತದ ಮೌಲ್ಯ ತಲಾ 700 ಆಗಿತ್ತು. 2026ರ ನಂತರ ನಡೆಯುವ ಮೊದಲ ಜನಗಣತಿಯ ಅಂಕಿಗಳು ಪ್ರಕಟವಾಗುವವರೆಗೆ 1971ರ ಅಂಕಿಗಳನ್ನೇ ಬಳಸತಕ್ಕದ್ದೆಂದು ಸಂವಿಧಾನ ಹೇಳಿದೆ. ಜನಸಂಖ್ಯೆಯನ್ನು ಹತೋಟಿಗೆ ತಂದ ರಾಜ್ಯಗಳಿಗೆ ಅದೇ ಕಾರಣದಿಂದ ಪ್ರಾತಿನಿಧ್ಯ ಕುಗ್ಗಬಾರದೆಂಬುದು ಇದರ ಆಶಯ.

ಅಭ್ಯರ್ಥಿಯು ಭಾರತದ ಪ್ರಜೆಯಾಗಿದ್ದು, 35 ವರ್ಷ ತುಂಬಿದವರಾಗಿ, ಲೋಕಸಭೆಗೆ ಚುನಾಯಿತರಾಗುವ ಅರ್ಹತೆ ಪಡೆದಿರಬೇಕು. ನಿರ್ವಾಚಕ ಗಣದ 50 ಮಂದಿ ಸೂಚಿಸಿ, ಇನ್ನೂ 50 ಮಂದಿ ಅನುಮೋದಿಸಬೇಕು. ಹಿಂದಿನ ರಾಷ್ಟ್ರಪತಿಗಳ ಅವಧಿ ಮುಗಿಯುವ ಮುನ್ನವೇ ಚುನಾವಣೆಯನ್ನು ಪೂರೈಸತಕ್ಕದ್ದು. 1974ರಲ್ಲಿ ಗುಜರಾತಿನ ವಿಧಾನಸಭೆ ವಿಸರ್ಜನೆಯಾಗಿತ್ತು. ಒಂದು ರಾಜ್ಯದ ಶಾಸಕರೇ ಇಲ್ಲದಿರುವಾಗ ಚುನಾವಣೆಯನ್ನು ನಡೆಸಬಹುದೇ ಎಂಬ ಶಂಕೆ ಎದ್ದಿತು. ರಾಷ್ಟ್ರಪತಿಗಳು ಕೇಳಿದ ಪ್ರಶ್ನೆಗೆ ಸರ್ವೋಚ್ಚ ನ್ಯಾಯಾಲಯವು ಉತ್ತರಿಸುತ್ತ, ವಿಧಾನಸಭೆಯೊಂದು ಇಲ್ಲವೆಂಬ ಕಾರಣಕ್ಕೆ ಚುನಾವಣೆ ನಿಲ್ಲಲಾಗದು, ಅವಧಿ ಮುಗಿಯುವುದರೊಳಗೆ ಅದು ಮುಗಿಯಲೇಬೇಕು ಎಂದು ಅಭಿಪ್ರಾಯಪಟ್ಟಿತು.

ಪ್ರಮಾಣವಚನದ ದಿನ

ಮೊದಲ ಪ್ರಮಾಣವಚನವು 1950ರ ಜನವರಿ 26ರಂದು, ಇಂದು ರಾಷ್ಟ್ರಪತಿ ಭವನವೆಂದು ಕರೆಯಲ್ಪಡುವ ಭವನದ ದರ್ಬಾರ್ ಹಾಲಿನಲ್ಲಿ ನಡೆಯಿತು. ಈ ಸಭಾಂಗಣಕ್ಕೆ 2024ರಲ್ಲಿ ಗಣತಂತ್ರ ಮಂಟಪವೆಂಬ ಹೆಸರನ್ನಿಡಲಾಗಿದೆ. ಅಂದು ಬೆಳಗ್ಗೆ 10 ಗಂಟೆ 18 ನಿಮಿಷಕ್ಕೆ ಗವರ್ನರ್ ಜನರಲ್ ಶ್ರೀ ಚಕ್ರವರ್ತಿ ರಾಜಗೋಪಾಲಾಚಾರಿಯವರು ಭಾರತವು ಗಣರಾಜ್ಯವಾದುದನ್ನು ಸಾರಿದರು. ಆರು ನಿಮಿಷಗಳ ತರುವಾಯ ಡಾ. ರಾಜೇಂದ್ರ ಪ್ರಸಾದರು ಮುಖ್ಯ ನ್ಯಾಯಮೂರ್ತಿ ಶ್ರೀ ಹರಿಲಾಲ್ ಕನಿಯಾ ಅವರ ಎದುರು ಪ್ರಮಾಣವಚನ ಸ್ವೀಕರಿಸಿದರು. ಒಬ್ಬರ ಪದವಿಯೇ ಇತಿಹಾಸಕ್ಕೆ ಸೇರಿತು, ಇನ್ನೊಬ್ಬರ ಪದವಿ ಹುಟ್ಟಿಕೊಂಡಿತು.

ಈಚಿನ ದಶಕಗಳಲ್ಲಿ ಸಮಾರಂಭವು ಸಂಸತ್ ಭವನದ ಸೆಂಟ್ರಲ್ ಹಾಲಿನಲ್ಲಿ ನಡೆದಿದೆ. ಸಂವಿಧಾನ ರಚನಾ ಸಭೆಯು ಕುಳಿತು ಸಂವಿಧಾನವನ್ನು ರೂಪಿಸಿದ ಸ್ಥಳವೇ ಇದು. 2023ರಲ್ಲಿ ಸಂಸತ್ತು ಹೊಸ ಕಟ್ಟಡಕ್ಕೆ ಸ್ಥಳಾಂತರಗೊಂಡ ಮೇಲೆ ಈ ಹಳೆಯ ಕಟ್ಟಡವನ್ನು ಸಂವಿಧಾನ ಸದನವೆಂದು ಕರೆಯಲಾಗುತ್ತಿದೆ.

ನಿರ್ಗಮಿಸುವ ರಾಷ್ಟ್ರಪತಿಗಳಿಗೆ ಒಂದೆರಡು ದಿನ ಮುಂಚಿತವಾಗಿಯೇ ಸಂಸತ್ ಸದಸ್ಯರು ಬೀಳ್ಕೊಡುಗೆ ನೀಡುತ್ತಾರೆ. ಅವಧಿಯ ಕೊನೆಯ ಸಂಜೆ ಅವರು ಆಕಾಶವಾಣಿ ಹಾಗೂ ದೂರದರ್ಶನದ ಮೂಲಕ ರಾಷ್ಟ್ರವನ್ನುದ್ದೇಶಿಸಿ ಮಾತನಾಡುತ್ತಾರೆ. ಮರುದಿನ ಬೆಳಗ್ಗೆ ಚುನಾಯಿತ ರಾಷ್ಟ್ರಪತಿಗಳು ರಾಷ್ಟ್ರಪತಿ ಭವನಕ್ಕೆ ಬರುತ್ತಾರೆ. ಅಲ್ಲಿಂದ ಇಬ್ಬರೂ ಕೂಡಿ, ಅಶ್ವಾರೂಢ ಅಂಗರಕ್ಷಕ ದಳದ ಬೆಂಗಾವಲಿನಲ್ಲಿ ಸಂಸತ್ತಿನತ್ತ ಹೊರಡುತ್ತಾರೆ. 1773ರಲ್ಲಿ ವಾರಾಣಸಿಯಲ್ಲಿ ಕಟ್ಟಿದ ಈ ದಳವು ಗವರ್ನರ್ ಜನರಲ್ಲರ ಸೇವೆಯಿಂದ ರಾಷ್ಟ್ರಪತಿಗಳ ಸೇವೆಗೆ ಬಂದದ್ದು. ರಾಜ್ಯಸಭೆಯ ಸಭಾಪತಿಗಳು, ಲೋಕಸಭೆಯ ಸ್ಪೀಕರರು ಮತ್ತು ಮುಖ್ಯ ನ್ಯಾಯಮೂರ್ತಿಗಳು ಅವರನ್ನು ಎದುರ್ಗೊಳ್ಳುತ್ತಾರೆ. ರಾಷ್ಟ್ರಗೀತೆಯ ಬಳಿಕ ಗೃಹ ಕಾರ್ಯದರ್ಶಿಗಳು ಚುನಾವಣಾ ಆಯೋಗದ ಅಧಿಸೂಚನೆಯನ್ನು ಓದುತ್ತಾರೆ. ಯಾರು, ಯಾವ ಕಾನೂನಿನ ಮೇರೆಗೆ ಆಯ್ಕೆಯಾದರೆಂಬುದು ಎಲ್ಲರ ಕಿವಿಗೆ ಬಿದ್ದ ಬಳಿಕವೇ ಪ್ರಮಾಣವಚನ.

ಭಾರತದ ಮುಖ್ಯ ನ್ಯಾಯಮೂರ್ತಿಗಳು, ಅವರ ಗೈರುಹಾಜರಿಯಲ್ಲಿ ಲಭ್ಯವಿರುವ ಅತ್ಯಂತ ಹಿರಿಯ ನ್ಯಾಯಮೂರ್ತಿಗಳು, ಪ್ರಮಾಣವಚನವನ್ನು ಬೋಧಿಸುತ್ತಾರೆ. ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು. ಅಥವಾ ದೇವರ ಹೆಸರಿಲ್ಲದೆ ಸತ್ಯನಿಷ್ಠೆಯಿಂದ ಪ್ರತಿಜ್ಞೆ ಮಾಡಬಹುದು. 60ನೆಯ ಅನುಚ್ಛೇದದಲ್ಲಿರುವ ಈ ವಚನದಲ್ಲಿ ಮೂರು ಮಾತುಗಳಿವೆ: ಪದವಿಯ ಕರ್ತವ್ಯವನ್ನು ಶ್ರದ್ಧೆಯಿಂದ ನೆರವೇರಿಸುವೆನೆಂಬುದು, ಸಂವಿಧಾನವನ್ನೂ ಕಾನೂನನ್ನೂ ಶಕ್ತಿಮೀರಿ ಕಾಪಾಡಿ ರಕ್ಷಿಸುವೆನೆಂಬುದು, ಭಾರತದ ಜನರ ಸೇವೆಗೂ ಕ್ಷೇಮಕ್ಕೂ ತನ್ನನ್ನು ಅರ್ಪಿಸಿಕೊಳ್ಳುವೆನೆಂಬುದು. ಮಂತ್ರಿಗಳೂ ಸಂಸತ್ ಸದಸ್ಯರೂ ಸಂವಿಧಾನಕ್ಕೆ ನಿಷ್ಠರಾಗಿರುವುದಾಗಿ ವಚನ ನೀಡುತ್ತಾರೆ. ಸಂವಿಧಾನವನ್ನು ರಕ್ಷಿಸುವುದಾಗಿ ಮಾತು ಕೊಡುವವರು ರಾಷ್ಟ್ರಪತಿಗಳು ಮತ್ತು ರಾಜ್ಯಪಾಲರು ಮಾತ್ರ. ಈ ವ್ಯತ್ಯಾಸವನ್ನು ಶಾಲಾ ಪಠ್ಯಗಳು ಒತ್ತಿ ಹೇಳಿದರೆ ಒಳ್ಳೆಯದು.

ವಚನ ಮುಗಿದು, ಹೊಸ ರಾಷ್ಟ್ರಪತಿಗಳು ಪುಸ್ತಕದಲ್ಲಿ ಸಹಿ ಮಾಡುತ್ತಾರೆ. ಅನಂತರ ಇಬ್ಬರೂ ತಮ್ಮ ಆಸನಗಳನ್ನು ಬದಲಿಸಿಕೊಳ್ಳುತ್ತಾರೆ. ಹೊರಗೆ 21 ಕುಶಾಲತೋಪುಗಳು ಹಾರುತ್ತವೆ. ಒಳಬರುವಾಗ ರಾಷ್ಟ್ರಪತಿಗಳಾಗಿದ್ದವರು ಈಗ ಮಾಜಿಗಳು. ಇಡೀ ಸಭೆ ನೋಡುತ್ತಿರುವಂತೆಯೇ, ಕೆಲವು ಹೆಜ್ಜೆಗಳ ಅಂತರದಲ್ಲಿ ಈ ಬದಲಾವಣೆ ನಡೆದುಹೋಗುತ್ತದೆ. ಹೊಸ ರಾಷ್ಟ್ರಪತಿಗಳ ಭಾಷಣದ ಬಳಿಕ ಇಬ್ಬರೂ ರಾಷ್ಟ್ರಪತಿ ಭವನಕ್ಕೆ ಮರಳುತ್ತಾರೆ. ಭವನದ ಮುಂದಣ ಅಂಗಳದಲ್ಲಿ ಮೂರೂ ಸೇನಾಪಡೆಗಳ ಗೌರವರಕ್ಷೆಯು ಹೊಸಬರಿಗೆ ಸಲ್ಲುತ್ತದೆ. ನಿರ್ಗಮಿಸಿದವರನ್ನು ಗೌರವಪೂರ್ವಕವಾಗಿ ಅವರ ಹೊಸ ನಿವಾಸಕ್ಕೆ ಬೀಳ್ಕೊಡಲಾಗುತ್ತದೆ.

ಅಧಿಕಾರದಿಂದ ನಿರ್ಗಮನ

ಅವಧಿ ತುಂಬಿ ನಿರ್ಗಮಿಸುವುದೇ ಸಾಮಾನ್ಯ. ಉತ್ತರಾಧಿಕಾರಿಯು ಬರುವುದು ಯಾವುದೇ ಕಾರಣದಿಂದ ತಡವಾದರೆ, ಅವಧಿ ಮುಗಿದಿದ್ದರೂ ಹಿಂದಿನವರೇ ಮುಂದುವರಿಯತಕ್ಕದ್ದು. ಆಗ ಉಪರಾಷ್ಟ್ರಪತಿಗಳಿಗೆ ಕಾರ್ಯಭಾರ ಹೋಗುವುದಿಲ್ಲ. ಮತ್ತೆ ಸ್ಪರ್ಧಿಸಲು ಸಂವಿಧಾನದ ಅಡ್ಡಿಯಿಲ್ಲ. ಆದರೆ ಡಾ. ರಾಜೇಂದ್ರ ಪ್ರಸಾದರ ಹೊರತು ಬೇರಾರೂ ಎರಡನೆಯ ಬಾರಿ ಆಯ್ಕೆಯಾಗಿ ಬಂದಿಲ್ಲ.

ರಾಜೀನಾಮೆ ಕೊಡಬೇಕಾದಲ್ಲಿ ರಾಷ್ಟ್ರಪತಿಗಳು ತಮ್ಮ ಸಹಿಯುಳ್ಳ ಪತ್ರವನ್ನು ಉಪರಾಷ್ಟ್ರಪತಿಗಳಿಗೆ ಬರೆಯಬೇಕು. ಉಪರಾಷ್ಟ್ರಪತಿಗಳು ಅದನ್ನು ಕೂಡಲೇ ಲೋಕಸಭೆಯ ಸ್ಪೀಕರರಿಗೆ ತಿಳಿಸತಕ್ಕದ್ದು. ಇಂದಿನವರೆಗೆ ಯಾವ ರಾಷ್ಟ್ರಪತಿಗಳೂ ರಾಜೀನಾಮೆ ನೀಡಿಲ್ಲ.

ಇನ್ನುಳಿದುದು ಮಹಾಭಿಯೋಗ. ಸಂವಿಧಾನದ ಉಲ್ಲಂಘನೆಯೊಂದೇ ಇದಕ್ಕೆ ಕಾರಣವಾಗಬಲ್ಲುದು. ಸಂಸತ್ತಿನ ಯಾವುದಾದರೂ ಒಂದು ಸದನವು ಆರೋಪ ಹೊರಿಸಬಹುದು. ಸದನದ ಒಟ್ಟು ಸದಸ್ಯರಲ್ಲಿ ಕಾಲು ಭಾಗದಷ್ಟಾದರೂ ಸಹಿ ಮಾಡಿ ಹದಿನಾಲ್ಕು ದಿನಗಳ ಮುಂಚಿತವಾಗಿ ಲಿಖಿತ ನೋಟೀಸು ಕೊಟ್ಟಿರಬೇಕು; ಒಟ್ಟು ಸದಸ್ಯ ಬಲದ ಮೂರನೆಯ ಎರಡು ಪಾಲಿನ ಬಹುಮತದಿಂದ ನಿರ್ಣಯ ಅಂಗೀಕಾರವಾಗಬೇಕು. ಬಳಿಕ ಮತ್ತೊಂದು ಸದನವು ತನಿಖೆ ನಡೆಸುತ್ತದೆ. ರಾಷ್ಟ್ರಪತಿಗಳಿಗೆ ಸ್ವತಃ ಹಾಜರಾಗಿ ಇಲ್ಲವೇ ಪ್ರತಿನಿಧಿಯ ಮೂಲಕ ವಾದ ಮಂಡಿಸುವ ಹಕ್ಕುಂಟು. ಅಲ್ಲಿಯೂ ಅಷ್ಟೇ ಬಹುಮತ ದೊರೆತರೆ ನಿರ್ಣಯದ ದಿನದಿಂದಲೇ ಅವರು ಪದಚ್ಯುತರಾಗುತ್ತಾರೆ. ಚುನಾವಣೆಯಲ್ಲಿ ಮತವಿದ್ದ ಶಾಸಕರಿಗೆ ಇಲ್ಲಿ ಪಾತ್ರವಿಲ್ಲ. ಚುನಾವಣೆಯಲ್ಲಿ ಮತವಿಲ್ಲದಿದ್ದ ನಾಮಕರಣಗೊಂಡ ಸದಸ್ಯರು ಇಲ್ಲಿ ಮತ ಚಲಾಯಿಸುತ್ತಾರೆ. ಈ ವೈಚಿತ್ರ್ಯವನ್ನು ಸಂವಿಧಾನ ತಜ್ಞರು ಟೀಕಿಸಿದ್ದುಂಟು. ಈ ವಿಧಿಯನ್ನು ಪ್ರಯೋಗಿಸುವ ಪ್ರಸಂಗ ಇಲ್ಲಿಯವರೆಗೆ ಬಂದಿಲ್ಲ.

1969ರ ಬೇಸಿಗೆ

ಅವಧಿಗೆ ಮುನ್ನ ಸ್ಥಾನ ತೆರವಾದಾಗ ವ್ಯವಸ್ಥೆಯ ನಿಜವಾದ ಪರೀಕ್ಷೆ ನಡೆಯುತ್ತದೆ. 65ನೆಯ ಅನುಚ್ಛೇದದ ಪ್ರಕಾರ ಮರಣ, ರಾಜೀನಾಮೆ ಅಥವಾ ಪದಚ್ಯುತಿಯಿಂದ ಸ್ಥಾನ ತೆರವಾದರೆ ಉಪರಾಷ್ಟ್ರಪತಿಗಳು ರಾಷ್ಟ್ರಪತಿಗಳಾಗಿ ವರ್ತಿಸತಕ್ಕದ್ದು. ಕಾಯಿಲೆಯಿಂದಲೋ ಗೈರುಹಾಜರಿಯಿಂದಲೋ ರಾಷ್ಟ್ರಪತಿಗಳು ಕೆಲಸ ಮಾಡಲಾರದಿದ್ದಾಗಲೂ ಉಪರಾಷ್ಟ್ರಪತಿಗಳೇ ಅವರ ಕಾರ್ಯಗಳನ್ನು ನೋಡಿಕೊಳ್ಳುತ್ತಾರೆ. 1961ರಲ್ಲಿ ಡಾ. ರಾಜೇಂದ್ರ ಪ್ರಸಾದರು ಅಸ್ವಸ್ಥರಾಗಿದ್ದಾಗ ಡಾ. ಸರ್ವೇಪಲ್ಲಿ ರಾಧಾಕೃಷ್ಣನ್ ಅವರು ಹೀಗೆ ನಡೆಸಿಕೊಟ್ಟರು. ಆ ಕಾಲದಲ್ಲಿ ಉಪರಾಷ್ಟ್ರಪತಿಗಳು ರಾಜ್ಯಸಭೆಯ ಸಭಾಪತಿಯ ಕೆಲಸ ಮಾಡುವಂತಿಲ್ಲ, ಅದರ ವೇತನವೂ ಅವರಿಗಿಲ್ಲ.

ಉಪರಾಷ್ಟ್ರಪತಿಗಳೂ ಇಲ್ಲದಿದ್ದರೆ? ಸಂವಿಧಾನವು ಇದಕ್ಕೆ ನೇರ ಉತ್ತರ ಕೊಡದೆ, ಇಂತಹ ಸಂದರ್ಭಗಳಿಗೆ ಸಂಸತ್ತು ಏರ್ಪಾಡು ಮಾಡಬಹುದೆಂದು 70ನೆಯ ಅನುಚ್ಛೇದದಲ್ಲಿ ಹೇಳಿ ಬಿಟ್ಟಿತ್ತು. ಹತ್ತೊಂಬತ್ತು ವರ್ಷಗಳವರೆಗೆ ಸಂಸತ್ತು ಆ ಏರ್ಪಾಡನ್ನು ಮಾಡಿರಲಿಲ್ಲ. ಡಾ. ಜಾಕಿರ್ ಹುಸೇನರ ನಿಧನದಿಂದ ಉಪರಾಷ್ಟ್ರಪತಿ ಗಿರಿಯವರು ಹಂಗಾಮಿ ರಾಷ್ಟ್ರಪತಿಗಳಾದ ಮೇಲೆ ಅವರ ಹಿಂದೆ ಯಾರೂ ಇಲ್ಲವೆಂಬ ಅರಿವು ಮೂಡಿತು. ಅದೇ ಮೇ ತಿಂಗಳಿನಲ್ಲಿ ಸಂಸತ್ತು ಅವಸರದಿಂದ ಕಾಯಿದೆಯೊಂದನ್ನು ಮಾಡಿತು. ರಾಷ್ಟ್ರಪತಿ, ಉಪರಾಷ್ಟ್ರಪತಿ ಸ್ಥಾನಗಳೆರಡೂ ತೆರವಾಗಿದ್ದರೆ ಭಾರತದ ಮುಖ್ಯ ನ್ಯಾಯಮೂರ್ತಿಗಳು, ಅವರೂ ಇಲ್ಲದಿದ್ದರೆ ಸರ್ವೋಚ್ಚ ನ್ಯಾಯಾಲಯದ ಲಭ್ಯ ಹಿರಿಯ ನ್ಯಾಯಮೂರ್ತಿಗಳು ರಾಷ್ಟ್ರಪತಿಯ ಕಾರ್ಯಗಳನ್ನು ನಿರ್ವಹಿಸುವರೆಂದು ಅದು ವಿಧಿಸಿತು.

ಈ ಕಾಯಿದೆಯು ಎರಡೇ ತಿಂಗಳಲ್ಲಿ ಉಪಯೋಗಕ್ಕೆ ಬಂದಿತು. ಗಿರಿಯವರು ರಾಷ್ಟ್ರಪತಿ ಸ್ಥಾನಕ್ಕೆ ಸ್ಪರ್ಧಿಸಲು ನಿಶ್ಚಯಿಸಿ ಜುಲೈ 20ರಂದು ರಾಜೀನಾಮೆ ಕೊಟ್ಟರು. ಹಿಂದಿನ ದಿನವಷ್ಟೇ ಅವರು 14 ದೊಡ್ಡ ಬ್ಯಾಂಕುಗಳ ರಾಷ್ಟ್ರೀಕರಣದ ಸುಗ್ರೀವಾಜ್ಞೆಗೆ ಸಹಿ ಹಾಕಿದ್ದರು. ಕರಾವಳಿ ಕರ್ನಾಟಕದಲ್ಲಿ ಹುಟ್ಟಿದ ಕೆನರಾ ಬ್ಯಾಂಕು ಮತ್ತು ಸಿಂಡಿಕೇಟ್ ಬ್ಯಾಂಕುಗಳೂ ಈ ಹದಿನಾಲ್ಕರಲ್ಲಿ ಸೇರಿದ್ದವು. ಮುಖ್ಯ ನ್ಯಾಯಮೂರ್ತಿ ಶ್ರೀ ಎಂ. ಹಿದಾಯತುಲ್ಲಾ ಅವರು ರಾಷ್ಟ್ರಪತಿ ಭವನಕ್ಕೆ ಬಂದರು. ಸುಗ್ರೀವಾಜ್ಞೆಯ ಸ್ಥಾನದಲ್ಲಿ ಸಂಸತ್ತು ಅಂಗೀಕರಿಸಿದ ಬ್ಯಾಂಕ್ ರಾಷ್ಟ್ರೀಕರಣ ಮಸೂದೆಗೆ ಆಗಸ್ಟ್ 9ರಂದು ಅಂಕಿತ ಬಿದ್ದುದು ಅವರ ಕಾಲದಲ್ಲಿಯೇ. ಅಮೆರಿಕದ ಅಧ್ಯಕ್ಷ ರಿಚರ್ಡ್ ನಿಕ್ಸನ್ ದೆಹಲಿಗೆ ಭೇಟಿ ಕೊಟ್ಟಾಗ ಅವರಿಗೆ ಆತಿಥೇಯರಾದವರೂ ಈ ನ್ಯಾಯಮೂರ್ತಿಗಳೇ. ಎಂದರೆ, ಲಕ್ಷಾಂತರ ಜನರ ಠೇವಣಿಗೆ ಸಂಬಂಧಪಟ್ಟ ಒಂದು ಮಹತ್ವದ ಕ್ರಮಕ್ಕೆ ಮೊದಲು ಸಹಿ ಮಾಡಿದವರು ಉಪರಾಷ್ಟ್ರಪತಿಗಳು, ಬಳಿಕ ಅಂಕಿತ ಹಾಕಿದವರು ಒಬ್ಬ ನ್ಯಾಯಾಧೀಶರು. ಇಬ್ಬರೂ ಆಗ ಚುನಾಯಿತ ರಾಷ್ಟ್ರಪತಿಗಳಾಗಿರಲಿಲ್ಲ. ಹಂಗಾಮಿ ಎಂಬ ಮಾತಿನಿಂದ ಅಧಿಕಾರದಲ್ಲಿ ಕಡಮೆಯೇನೂ ಆಗುವುದಿಲ್ಲ ಎಂಬುದು ಇದರಿಂದ ಸ್ಪಷ್ಟ. 65ನೆಯ ಅನುಚ್ಛೇದವು ಅವರಿಗೆ ರಾಷ್ಟ್ರಪತಿಯ ಎಲ್ಲ ಅಧಿಕಾರಗಳನ್ನೂ ವಿಮುಕ್ತಿಗಳನ್ನೂ ಕೊಟ್ಟಿದೆ.

ಆ ವರ್ಷದ ಚುನಾವಣೆಯೂ ಜಿದ್ದಾಜಿದ್ದಿಯದು. ಮೊದಲ ಪ್ರಾಶಸ್ತ್ಯದ ಮತಗಳಲ್ಲಿ ಯಾರಿಗೂ ಬೇಕಾದಷ್ಟು ಸಿಗದೆ, ಎರಡನೆಯ ಪ್ರಾಶಸ್ತ್ಯದ ಮತಗಳನ್ನು ಎಣಿಸಿದ ಮೇಲೆ ಗಿರಿಯವರು 4,20,077 ಮತಮೌಲ್ಯದೊಂದಿಗೆ ಗೆದ್ದರು. ನೀಲಂ ಸಂಜೀವ ರೆಡ್ಡಿಯವರಿಗೆ 4,05,427 ಬಂದಿತ್ತು. ಆಯ್ಕೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಹೋಯಿತು. ಅಧಿಕಾರದಲ್ಲಿದ್ದ ರಾಷ್ಟ್ರಪತಿಗಳೇ 1970ರಲ್ಲಿ ನ್ಯಾಯಾಲಯಕ್ಕೆ ಬಂದು ಸಾಕ್ಷ್ಯ ನುಡಿದರು. ಅರ್ಜಿಗಳು ವಜಾ ಆದವು. ಒಂದು ವೇಳೆ ಆಯ್ಕೆ ಅಸಿಂಧುವಾಗಿದ್ದರೂ, ತೀರ್ಪಿಗೆ ಮುನ್ನ ಅವರು ಮಾಡಿದ ಕಾರ್ಯಗಳು ಅಸಿಂಧುವಾಗುತ್ತಿರಲಿಲ್ಲ. 71ನೆಯ ಅನುಚ್ಛೇದವು ಅವುಗಳಿಗೆ ರಕ್ಷಣೆ ಕೊಟ್ಟಿದೆ.

1969ರ ಕಾಯಿದೆಯು ಹಳೆಯ ಸಂಗತಿಯೆಂದು ತಿಳಿಯಬಾರದು. ಉಪರಾಷ್ಟ್ರಪತಿ ಶ್ರೀ ಜಗದೀಪ್ ಧನಕರ್ ಅವರು 2025ರ ಜುಲೈ 21ರಂದು ರಾಜೀನಾಮೆ ಕೊಟ್ಟ ಬಳಿಕ, ಶ್ರೀ ಸಿ. ಪಿ. ರಾಧಾಕೃಷ್ಣನ್ ಅವರು ಸೆಪ್ಟೆಂಬರ್ 12ರಂದು ಅಧಿಕಾರ ವಹಿಸಿಕೊಳ್ಳುವವರೆಗೆ ಆ ಸ್ಥಾನ ಖಾಲಿಯಿತ್ತು. ಅಷ್ಟು ದಿನ ರಾಷ್ಟ್ರಪತಿಗಳ ಹಿಂದೆ ನಿಂತಿದ್ದುದು ಈ ಕಾಯಿದೆಯೇ.

ಶ್ರೀ ಬಿ. ಡಿ. ಜತ್ತಿಯವರ ಐದೂವರೆ ತಿಂಗಳು

ಕನ್ನಡಿಗರೊಬ್ಬರು ರಾಷ್ಟ್ರದ ಪ್ರಥಮ ಸ್ಥಾನದಲ್ಲಿದ್ದ ಕಾಲವೊಂದುಂಟು. ಜಮಖಂಡಿ ತಾಲ್ಲೂಕಿನ ಸಾವಳಗಿಯವರಾದ, 1958ರಿಂದ 1962ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾಗಿದ್ದ ಶ್ರೀ ಬಸಪ್ಪ ದಾನಪ್ಪ ಜತ್ತಿಯವರು 1974ರಲ್ಲಿ ಉಪರಾಷ್ಟ್ರಪತಿಗಳಾದರು. 1977ರ ಫೆಬ್ರವರಿ 11ರಂದು ಫಕ್ರುದ್ದೀನ್ ಅಲಿ ಅಹಮದ್ ಅವರು ನಿಧನರಾದ ದಿನವೇ ಅವರು ಹಂಗಾಮಿ ರಾಷ್ಟ್ರಪತಿಗಳಾದರು.

ದೇಶದ ಪರಿಸ್ಥಿತಿ ಸಾಮಾನ್ಯವಾಗಿರಲಿಲ್ಲ. 1975ರ ಜೂನ್ ತಿಂಗಳಲ್ಲಿ ಘೋಷಿಸಿದ ತುರ್ತುಪರಿಸ್ಥಿತಿ ಇನ್ನೂ ಜಾರಿಯಲ್ಲಿತ್ತು. ಲೋಕಸಭೆ ಜನವರಿಯಲ್ಲಿಯೇ ವಿಸರ್ಜನೆಯಾಗಿತ್ತು. ಚುನಾವಣೆ ಒಂದು ತಿಂಗಳ ದೂರದಲ್ಲಿತ್ತು. ಇಂತಹ ಹೊತ್ತಿನಲ್ಲಿ ರಾಷ್ಟ್ರಪತಿಗಳ ಸ್ಥಾನದ ಬಗ್ಗೆ ಕಿಂಚಿತ್ ಅನುಮಾನ ಎದ್ದಿದ್ದರೂ ಪರಿಣಾಮ ಏನಾಗುತ್ತಿತ್ತೋ ಊಹಿಸುವುದು ಕಷ್ಟ. ಅನುಮಾನ ಏಳಲಿಲ್ಲ. ಮಾರ್ಚ್ 16ರಿಂದ 20ರವರೆಗೆ ಮತದಾನ ನಡೆಯಿತು. 21ರಂದು ತುರ್ತುಪರಿಸ್ಥಿತಿ ರದ್ದಾಯಿತು. ಪ್ರಧಾನಮಂತ್ರಿ ಶ್ರೀಮತಿ ಇಂದಿರಾ ಗಾಂಧಿಯವರು 22ರಂದು ರಾಜೀನಾಮೆ ಸಲ್ಲಿಸಿದರು. 24ರಂದು ಶ್ರೀ ಮೊರಾರ್ಜಿ ದೇಸಾಯಿಯವರು ಪ್ರಮಾಣವಚನ ಸ್ವೀಕರಿಸಿದರು. ಸ್ವಾತಂತ್ರ್ಯಾನಂತರ ಮೊಟ್ಟಮೊದಲ ಬಾರಿಗೆ ಕೇಂದ್ರದ ಅಧಿಕಾರವು ಒಂದು ಪಕ್ಷದಿಂದ ಮತ್ತೊಂದಕ್ಕೆ ಹಸ್ತಾಂತರವಾದುದು ಜತ್ತಿಯವರ ಸಮ್ಮುಖದಲ್ಲಿ.

ಹೊಸ ಸರ್ಕಾರವು ಏಪ್ರಿಲ್ ಕೊನೆಯಲ್ಲಿ ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸುವಂತೆ ಸಲಹೆ ಮಾಡಿತು. ಜತ್ತಿಯವರು ಒಡನೆ ಸಹಿ ಮಾಡಲಿಲ್ಲ. ಅವರು ತಡೆದ ಅವಧಿ ಅಲ್ಪವೇ ಆದರೂ ಆಗ ದೇಶದಲ್ಲಿ ದೊಡ್ಡ ಚರ್ಚೆ ನಡೆಯಿತು. ರಾಷ್ಟ್ರಪತಿಗಳು ಮಂತ್ರಿಮಂಡಲದ ಸಲಹೆಯಂತೆಯೇ ನಡೆಯತಕ್ಕದ್ದೆಂದು 42ನೆಯ ತಿದ್ದುಪಡಿಯು ಆಗಷ್ಟೇ ಸಂವಿಧಾನದಲ್ಲಿ ಬರೆಸಿತ್ತು. ಏಪ್ರಿಲ್ 30ರಂದು ಅವರು ಸಹಿ ಮಾಡಿದರು. ಮರುವರ್ಷ 44ನೆಯ ತಿದ್ದುಪಡಿಯು, ಸಲಹೆಯನ್ನು ಒಮ್ಮೆ ಪುನರ್ವಿಮರ್ಶೆಗೆ ಹಿಂದಿರುಗಿಸುವ ಅವಕಾಶವನ್ನು ರಾಷ್ಟ್ರಪತಿಗಳಿಗೆ ಕೊಟ್ಟಿತು.

ಈ ವಿಸರ್ಜನೆಗೂ ರಾಷ್ಟ್ರಪತಿ ಚುನಾವಣೆಗೂ ನಂಟಿತ್ತು. ಮರಣದಿಂದ ತೆರವಾದ ಸ್ಥಾನವನ್ನು ಆರು ತಿಂಗಳೊಳಗೆ ತುಂಬಬೇಕಾದುದರಿಂದ ಆಗಸ್ಟ್ 11ರೊಳಗಾಗಿ ಹೊಸ ರಾಷ್ಟ್ರಪತಿಗಳು ಬರಬೇಕಿತ್ತು. ವಿಸರ್ಜಿತ ರಾಜ್ಯಗಳಲ್ಲಿ ಜೂನ್ ತಿಂಗಳಲ್ಲಿ ಚುನಾವಣೆ ನಡೆದು ಹೊಸ ಶಾಸಕರು ನಿರ್ವಾಚಕ ಗಣವನ್ನು ಸೇರಿದರು. ಕೊನೆಗೆ ಮತದಾನದ ಅಗತ್ಯವೇ ಬೀಳಲಿಲ್ಲ. 37 ಮಂದಿ ನಾಮಪತ್ರ ಸಲ್ಲಿಸಿದ್ದರು. 36 ಮಂದಿಯವು ತಿರಸ್ಕೃತವಾದವು. ಎಂಟು ವರ್ಷಗಳ ಹಿಂದೆ ಅಲ್ಪ ಅಂತರದಿಂದ ಸೋತಿದ್ದ ಸಂಜೀವ ರೆಡ್ಡಿಯವರು ಅವಿರೋಧವಾಗಿ ಆಯ್ಕೆಯಾದರು. ಜುಲೈ 25ರಂದು ಅಧಿಕಾರವನ್ನೊಪ್ಪಿಸಿ ಜತ್ತಿಯವರು ಮತ್ತೆ ರಾಜ್ಯಸಭೆಯ ಸಭಾಪತಿಗಳ ಪೀಠಕ್ಕೆ ಮರಳಿ, 1979ರವರೆಗೆ ಉಪರಾಷ್ಟ್ರಪತಿಗಳಾಗಿದ್ದರು.

ಆ ಪೀಠಕ್ಕೆ ಅವರ ತರುವಾಯ ಬಂದವರು ಹಿದಾಯತುಲ್ಲಾ ಅವರೇ. ರಾಷ್ಟ್ರಪತಿ ಗ್ಯಾನಿ ಜೈಲ್ ಸಿಂಗ್ ಅವರು 1982ರ ಅಕ್ಟೋಬರ್‌ನಲ್ಲಿ ಚಿಕಿತ್ಸೆಗೆ ತೆರಳಿದಾಗ ಹಿದಾಯತುಲ್ಲಾ ಅವರು ಎರಡನೆಯ ಬಾರಿ ರಾಷ್ಟ್ರಪತಿಯ ಕಾರ್ಯಗಳನ್ನು ನಿರ್ವಹಿಸಿದರು. ಮೊದಲ ಸಲ ನ್ಯಾಯಮೂರ್ತಿಗಳಾಗಿ, ಈ ಸಲ ಉಪರಾಷ್ಟ್ರಪತಿಗಳಾಗಿ.

ನಿವೃತ್ತಿಯ ನಂತರ

ಮಾಜಿ ರಾಷ್ಟ್ರಪತಿಗಳಿಗೆ 1951ರ ಕಾಯಿದೆಯೊಂದರ ಮೇರೆಗೆ ನಿವೃತ್ತಿವೇತನ ದೊರೆಯುತ್ತದೆ. ಈಗ ರಾಷ್ಟ್ರಪತಿಗಳ ಮಾಸಿಕ ವೇತನ 5 ಲಕ್ಷ ರೂಪಾಯಿ. ನಿವೃತ್ತಿವೇತನ ಅದರ ಅರ್ಧ. ಬಾಡಿಗೆಯಿಲ್ಲದ ಮನೆ, ಕಚೇರಿಯ ಸಿಬ್ಬಂದಿ, ವೈದ್ಯಕೀಯ ನೆರವು ಹಾಗೂ ದೇಶದೊಳಗೆ ಪ್ರಯಾಣದ ಸೌಲಭ್ಯ ಇರುತ್ತವೆ. ಅಧಿಕಾರದಲ್ಲಿದ್ದಾಗ ಅವರ ವಿರುದ್ಧ ಯಾವ ಕ್ರಿಮಿನಲ್ ಮೊಕದ್ದಮೆಯನ್ನೂ ಹೂಡಲಾಗದೆಂಬ ರಕ್ಷಣೆಯು ಪದವಿಯೊಂದಿಗೆ ಕೊನೆಗೊಳ್ಳುತ್ತದೆ.

ಎಲ್ಲರೂ ದೆಹಲಿಯಲ್ಲಿಯೇ ನಿಲ್ಲಲಿಲ್ಲ. ಡಾ. ರಾಜೇಂದ್ರ ಪ್ರಸಾದರು ಹನ್ನೆರಡು ವರ್ಷ ಆ ಭವ್ಯ ಭವನದಲ್ಲಿದ್ದು, 1962ರಲ್ಲಿ ಪಾಟ್ನಾದ ಸದಾಕತ್ ಆಶ್ರಮಕ್ಕೆ ಹಿಂದಿರುಗಿದರು. ಮರುವರ್ಷ ಫೆಬ್ರವರಿಯಲ್ಲಿ ತೀರಿಕೊಂಡರು. ಹಿಂದೆ ಮೈಸೂರಿನಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ರಾಧಾಕೃಷ್ಣನ್ ಅವರು ಮದರಾಸಿನ ಮೈಲಾಪುರದ ತಮ್ಮ ಮನೆಗೆ ತೆರಳಿದರು. ಸಂಜೀವ ರೆಡ್ಡಿಯವರು ಅನಂತಪುರಕ್ಕೆ ಮರಳಿದರು. ಅವರ ಕೊನೆಯುಸಿರು ನಿಂತುದು 1996ರಲ್ಲಿ ಬೆಂಗಳೂರಿನಲ್ಲಿ. ಡಾ. ಎ. ಪಿ. ಜೆ. ಅಬ್ದುಲ್ ಕಲಾಂ ಅವರು ಮತ್ತೆ ಅಧ್ಯಾಪನಕ್ಕೆ ಹೋದರು. 2015ರ ಜುಲೈ 27ರಂದು ಷಿಲ್ಲಾಂಗಿನಲ್ಲಿ ವಿದ್ಯಾರ್ಥಿಗಳೆದುರು ಉಪನ್ಯಾಸ ನೀಡುತ್ತಿರುವಾಗಲೇ ಅವರು ಕುಸಿದುಬಿದ್ದು ನಿಧನರಾದರು.

2022ರಲ್ಲಿ 6,76,803 ಮತಮೌಲ್ಯ ಪಡೆದು ಆಯ್ಕೆಯಾದ ಶ್ರೀಮತಿ ದ್ರೌಪದಿ ಮುರ್ಮು ಅವರು ಸ್ವಾತಂತ್ರ್ಯಾನಂತರ ಜನಿಸಿದ ಮೊದಲ ರಾಷ್ಟ್ರಪತಿಗಳು. ಬುಡಕಟ್ಟು ಸಮುದಾಯದಿಂದ ಬಂದವರಲ್ಲಿಯೂ ಮೊದಲಿಗರು. ಅವರ ಅವಧಿಯ ಐದು ವರ್ಷಗಳು 2027ರ ಜುಲೈ 24ಕ್ಕೆ ತುಂಬುತ್ತವೆ. ಅಷ್ಟರೊಳಗಾಗಿ ಮುಂದಿನ ಚುನಾವಣೆ ಮುಗಿದಿರತಕ್ಕದ್ದು.